ಝಾಂಡ್‌ಫೋರ್ಟ್‌ನಲ್ಲಿ ಬಾಡಿಗೆ ಸೈಕಲ್: ಕಲಬುರಗಿಯಿಂದ ಬರುವವರಿಗೆ

ಕಲಬುರಗಿಯಲ್ಲಿ ಬಿಸಿಲು 42–43 ಡಿಗ್ರಿ ಮುಟ್ಟುವ ಮೇ ತಿಂಗಳಲ್ಲೇ ಊರಿನ ಹಿರಿಯರು ನೆದರ್‌ಲ್ಯಾಂಡ್ಸ್‌ನ ಮಕ್ಕಳ ಮನೆಗೆ ಬರುವುದು. ಬಂದ ವಾರದೊಳಗೆ ಒಂದು ಮಾತು ಬಂದೇ ಬರುತ್ತದೆ: “ಸಮುದ್ರ ತೋರಸ್ತೀ ಇಲ್ಲೋ ತಮ್ಮಾ?” ಆಮ್‌ಸ್ಟರ್‌ಡ್ಯಾಮ್‌ನಿಂದ ರೈಲಿನಲ್ಲಿ ಅರ್ಧ ತಾಸಿನ ದಾರಿಗೆ ಸಿಗುವ ಕಡಲೂರು ಝಾಂಡ್‌ಫೋರ್ಟ್. ಸುಮಾರು 17 ಸಾವಿರ ಜನ, ನಮ್ಮ ಜೇವರ್ಗಿಗಿಂತಲೂ ಚಿಕ್ಕದು. ರೈಲುಹಳಿ ಅಲ್ಲಿಗೇ ಮುಗಿಯುತ್ತದೆ. ನಿಲ್ದಾಣದಿಂದ ಮರಳಿಗೆ ಐದಾರು ನಿಮಿಷದ ನಡಿಗೆ. ದಂಡೆಯಲ್ಲಿ ಕೂತು ಬರುವುದಾದರೆ ಇಷ್ಟು ಸಾಕು. ಊರಿನ ಬೆನ್ನಿಗಿರುವ ಮರಳುದಿಬ್ಬ, ಆಚೀಚೆಯ ಊರುಗಳೆಲ್ಲ ಬೇಕೆಂದರೆ ಸೈಕಲ್ಲೇ ಸರಿ.

ಸೈಕಲ್ ಸಿಗುವುದು ಎರಡು ರೀತಿ. ಕಡಲೂರಿನ ಬಾಡಿಗೆ ಅಂಗಡಿಯಲ್ಲಿ ಸಾದಾ ಸೈಕಲ್ಲಿಗೆ ದಿನಕ್ಕೆ ಸುಮಾರು 12ರಿಂದ 18 ಯೂರೋ, ಬ್ಯಾಟರಿ ಸೈಕಲ್ಲಿಗೆ 25ರಿಂದ 40. ಮೇಲೆ ಠೇವಣಿ ಬೇರೆ. ಠೇವಣಿಗೆ ಬದಲು ಪಾಸ್‌ಪೋರ್ಟ್ ಇಟ್ಟುಹೋಗಿ ಎಂದರೆ ಬೇಡ ಅನ್ನಿ. ಕಾರ್ಡಿನಲ್ಲಿ ಹಣ ತಡೆಹಿಡಿಸಿಕೊಳ್ಳಿ, ಗುರುತಿನ ಚೀಟಿಯ ನಕಲು ಕೊಡಿ. ಇನ್ನೊಂದು ರೀತಿ ರೈಲ್ವೆಯವರ ಹಳದಿ-ನೀಲಿ ಸೈಕಲ್, ಹೆಸರು ಓವಿ-ಫೀಟ್ಸ್. 24 ತಾಸಿಗೆ 5 ಯೂರೋ ಆಸುಪಾಸು, ಠೇವಣಿ ಇಲ್ಲ. ಆದರೆ ಇಲ್ಲಿ ನೆಲೆಸಿದವರ ಹೆಸರಿನ ರೈಲು ಕಾರ್ಡಿಗೆ ಆ ಸೌಲಭ್ಯ ಸೇರಿಸಿರಬೇಕು. ಒಬ್ಬರ ಕಾರ್ಡಿಗೆ ಎರಡು ಸೈಕಲ್ ತನಕ ಕೊಡುತ್ತಾರೆ. ಮಗನ ಕಾರ್ಡಿನಲ್ಲಿ ಒಂದು ಅವನಿಗೆ, ಒಂದು ಅಪ್ಪನಿಗೆ. ತಂದ ನಿಲ್ದಾಣಕ್ಕೇ ಮರಳಿಸಬೇಕು, ಬೇರೆಡೆ ಬಿಟ್ಟರೆ ಹೆಚ್ಚುವರಿ ಶುಲ್ಕ ಬೀಳುತ್ತದೆ. ಝಾಂಡ್‌ಫೋರ್ಟ್‌ಗಿಂತ ಮುಂಚೆ ಬರುವ ಹಾರ್ಲೆಮ್ ನಿಲ್ದಾಣದಲ್ಲಿ ಇವು ಸಿಗುತ್ತವೆ, ಅಲ್ಲಿಂದ ಕಡಲು ಒಂಬತ್ತು ಕಿ.ಮೀ. ಸಾದಾ ಸೈಕಲ್ ಹೊಡೆಯಬಲ್ಲವರಿಗೆ ನಮ್ಮ ಸಲಹೆ ಇದೇ: ರೈಲು ಹಾರ್ಲೆಮ್‌ವರೆಗೆ ಸಾಕು.

ಇನ್ನು ಸೈಕಲ್. “ಸಾಲಿಗೆ ಹೋಗೋ ಕಾಲದಿಂದ ಸೈಕಲ್ ಹೊಡ್ದೀನಿ, ನನಗೇನ್ ಕಲಸ್ತೀ?” ಅನ್ನುವವರೇ ಮೊದಲ ನೂರು ಮೀಟರಿನಲ್ಲಿ ಬೀಳುವುದು. ಕಾರಣ ಬ್ರೇಕು. ಇಲ್ಲಿಯ ಬಹಳಷ್ಟು ಬಾಡಿಗೆ ಸೈಕಲ್‌ಗಳಲ್ಲಿ ಹಿಂದಿನ ಬ್ರೇಕು ಹ್ಯಾಂಡಲ್ಲಿನಲ್ಲಿ ಇರುವುದಿಲ್ಲ, ಪೆಡಲ್ಲಿನಲ್ಲಿರುತ್ತದೆ. ಹಿಂದಕ್ಕೆ ತುಳಿದರೆ ಹಿಂದಿನ ಗಾಲಿ ಕಚ್ಚಿ ನಿಲ್ಲುತ್ತದೆ. ನಮ್ಮ ರಾಡ್ ಬ್ರೇಕಿನ ಸೈಕಲ್ ಹೊಡೆದ ಕಾಲಿಗೆ ಬೇರೆಯೇ ರೂಢಿ ಇರುತ್ತದೆ: ಇಳಿಜಾರಿನಲ್ಲಿ ತುಳಿಯುವುದು ಬಿಟ್ಟಾಗ ಪೆಡಲ್ಲನ್ನು ಸುಮ್ಮನೆ ಹಿಂದಕ್ಕೆ ತಿರುಗಿಸುತ್ತಿರುವುದು. ಇಲ್ಲಿ ಹಾಗೆ ಮಾಡಿದರೆ ಸೈಕಲ್ ಗಕ್ಕನೆ ನಿಲ್ಲುತ್ತದೆ, ಹಿಂದೆ ಬರುತ್ತಿರುವವರು ಬಂದು ಗುದ್ದುತ್ತಾರೆ. ಅಂಗಡಿಯ ಮುಂದೆ ಖಾಲಿ ಜಾಗದಲ್ಲಿ ಹತ್ತು ಸಲ ಹೋಗಿ ನಿಂತು ನೋಡಿದರೆ ಕಾಲಿಗೆ ಬುದ್ಧಿ ಬರುತ್ತದೆ. ಇಷ್ಟೂ ಬೇಡವೆಂದರೆ ಎರಡೂ ಬ್ರೇಕು ಕೈಯಲ್ಲಿರುವ ಸೈಕಲ್ ಕೊಡಿ ಎಂದು ಕೇಳಿ. ಗೇರ್ ಸೈಕಲ್‌ಗಳಲ್ಲಿ ಹೆಚ್ಚಾಗಿ ಹಾಗೇ ಇರುತ್ತದೆ.

ಅದೇ ಬ್ರೇಕಿನಿಂದ ಇನ್ನೊಂದು ಫಜೀತಿ. ಹತ್ತುವ ಮುನ್ನ ಪೆಡಲ್ ಮೇಲೆ ಬರಲಿ ಎಂದು ಕಾಲಿನಿಂದ ಹಿಂದಕ್ಕೆ ತಿರುಗಿಸುತ್ತೇವಲ್ಲ, ಅದು ಇಲ್ಲಿ ತಿರುಗುವುದಿಲ್ಲ. ಸೀಟು ಹಿಡಿದು ಹಿಂದಿನ ಗಾಲಿಯನ್ನು ನೆಲದಿಂದ ನಾಲ್ಕು ಬೆರಳು ಎತ್ತಿ, ಪಾದದ ತುದಿಯಿಂದ ಪೆಡಲ್ಲನ್ನು ಮುಂದಕ್ಕೆ ತಳ್ಳಿ ಮೇಲೆ ತನ್ನಿ. ಇನ್ನು, ಎಡ ಪೆಡಲ್ ಮೇಲೆ ಕಾಲಿಟ್ಟು ಓಡುತ್ತ ಹತ್ತುವ ರೂಢಿ ನಮ್ಮದು. ಊರಲ್ಲಿ ಎಡಬದಿಗೆ ಹೋಗುವುದರಿಂದ ಹತ್ತುವವರು ರಸ್ತೆಯ ಅಂಚಿನ ಕಡೆಗಿರುತ್ತಾರೆ. ಇಲ್ಲಿ ಬಲಬದಿಯ ಸಂಚಾರ. ಎಡಗಡೆಯಿಂದ ಹತ್ತಿದರೆ ನೀವು ನಿಲ್ಲುವುದು ಸರಿಯಾಗಿ ಹಿಂದಿನವರ ದಾರಿಯಲ್ಲಿ. ಸೈಕಲ್ಲನ್ನು ಹಾದಿಯಿಂದ ಪೂರ್ತಿ ಕೆಳಗಿಳಿಸಿ, ನಿಂತಲ್ಲೇ ಹತ್ತಿ ಹೊರಡಿ.

ಸೀಟು ಇಲ್ಲಿಯ ಎತ್ತರದ ಜನಕ್ಕೆ ಏರಿಸಿಟ್ಟದ್ದು. ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲಿಟ್ಟಾಗ ಮೊಣಕಾಲು ನೇರವಾಗುವಷ್ಟೇ ಎತ್ತರ ಸರಿ. ಬಹಳ ವರ್ಷ ಸೈಕಲ್ ಮುಟ್ಟದವರಿಗೆ ಎರಡು ಬೆರಳು ಇನ್ನೂ ಇಳಿಸಿ, ನಿಂತಾಗ ಎರಡೂ ಕಾಲು ಊರಲಿ. ಸೀರೆ ಉಟ್ಟವರಿಗೆ ಅಡ್ಡ ರಾಡ್ ಇಲ್ಲದ ಸೈಕಲ್ ಸಿಗುತ್ತದೆ, ಚೈನೂ ಡಬ್ಬಿಯೊಳಗೆ ಮುಚ್ಚಿರುತ್ತದೆ, ಆದರೂ ಸೆರಗು ಹಿಂದಿನ ಗಾಲಿಗೆ ಹೋಗದಂತೆ ಸೊಂಟಕ್ಕೆ ಸಿಕ್ಕಿಸಲೇಬೇಕು. ಗಾಳಿ ಸುಮ್ಮನಿರುವ ಊರಲ್ಲ ಅದು.

ಗಾಳಿಯ ಮಾತಿಗೇ ಬರೋಣ. ಬಾಡಿಗೆ ಎಷ್ಟು, ಯಾವ ಅಂಗಡಿ ಅನ್ನುವುದಕ್ಕಿಂತ ಮುಂಚೆ ನೋಡಬೇಕಾದದ್ದು ಅವತ್ತಿನ ಗಾಳಿಯ ದಿಕ್ಕು. ನೆಲ ಬಹುತೇಕ ಸಮತಟ್ಟು, ಹಾಗಾಗಿ “ಏರಿಲ್ಲ, ಆರಾಮ” ಅಂದುಕೊಂಡು ಹೊರಡುತ್ತಾರೆ. ಇಲ್ಲಿಯ ಏರು ಗಾಳಿಯೇ. ಆಷಾಢದಲ್ಲಿ ತೊಗರಿ ಹೊಲಗಳ ನಡುವೆ ಎದುರುಗಾಳಿಗೆ ಸೈಕಲ್ ಹೊಡೆದವರಿಗೆ ಇದು ಗೊತ್ತು. ಇಲ್ಲಿ ಅಂಥ ಗಾಳಿ ಬರೀ ಆಷಾಢಕ್ಕೆ ಕಾಯುವುದಿಲ್ಲ. ಲೆಕ್ಕ ಹೀಗಿದೆ: ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ. ಗಾಳಿಯಿಲ್ಲದ ದಿನ ತಾಸಿಗೆ 15 ಕಿ.ಮೀ. ಹೋಗುವವರಿಗೆ 30 ಕಿ.ಮೀ. ವೇಗದ ಎದುರುಗಾಳಿ ಬಂದರೆ ಮೈಗೆ ಬಡಿಯುವುದು 45ರ ಗಾಳಿ. ಮೂರು ಪಟ್ಟು ವೇಗ, ಒಂಬತ್ತು ಪಟ್ಟು ತಡೆ. ಹಾಗಾಗಿ ಯಾರೂ 15ರಲ್ಲಿ ಹೋಗಲಾರರು, ಎಂಟೊಂಬತ್ತಕ್ಕೆ ಇಳಿಯುತ್ತಾರೆ, ಒಂದು ತಾಸಿನ ದಾರಿ ಎರಡು ತಾಸಾಗುತ್ತದೆ. ಹವಾಮಾನದ ಆ್ಯಪುಗಳಲ್ಲಿ ಇಲ್ಲಿಯವರು ನೋಡುವುದು ಗಾಳಿಯ ಜೋರು ಅಳೆಯುವ ಬೋಫರ್ಟ್ ಅಂಕಿ. 3ರವರೆಗೆ ಖುಷಿಯಾಗಿ ಹೋಗಿ. 5 ಎಂದರೆ 29ರಿಂದ 38 ಕಿ.ಮೀ. ವೇಗ, ಹಿರಿಯರಿದ್ದರೆ ಬ್ಯಾಟರಿ ಸೈಕಲ್ ತೆಗೆದುಕೊಳ್ಳಿ. 6 ಇದ್ದರೆ ಬಯಲು ದಂಡೆಗೆ ಸೈಕಲ್ ಬೇಡ, ಮೀನು ತಿಂದು ವಾಪಸ್ ಬನ್ನಿ.

ಈ ಕರಾವಳಿಯಲ್ಲಿ ಹೆಚ್ಚಿನ ದಿನ ಬೀಸುವುದು ನೈರುತ್ಯದ ಗಾಳಿ. ದಂಡೆ ಹೆಚ್ಚುಕಡಿಮೆ ದಕ್ಷಿಣೋತ್ತರ ಇರುವುದರಿಂದ ತೆಂಕಣ ನೋರ್ಡ್‌ವೈಕ್‌ಗೆ ಹೋಗುವಾಗ ಗಾಳಿ ಎದುರು, ಬಡಗಣ ಐಮೌಡನ್‌ಗೆ ಹೋಗುವಾಗ ಬೆನ್ನಿಗೆ. ಬೆನ್ನುಗಾಳಿಯ ಸೊಗಸಿಗೆ ಮರುಳಾಗಿ ಉತ್ತರಕ್ಕೆ 12–13 ಕಿ.ಮೀ. ಹಾರಿಹೋದವರು ತಿರುಗಿ ಬರುವಾಗ ಹೈರಾಣಾಗುತ್ತಾರೆ. ಐಮೌಡನ್‌ಗೆ ರೈಲಿಲ್ಲ, ನೋರ್ಡ್‌ವೈಕ್‌ಗೂ ಇಲ್ಲ. ಸುಸ್ತಾದರೆ ರೈಲು ಹತ್ತಿ ಬರೋಣ ಅನ್ನುವ ಲೆಕ್ಕ ನಡೆಯುವುದಿಲ್ಲ. ಕಾಲಲ್ಲಿ ಕಸುವಿರುವಾಗಲೇ ಎದುರುಗಾಳಿ ಮುಗಿಸಿಬಿಡಿ, ವಾಪಸ್ ಬರುವಾಗ ಗಾಳಿಯೇ ತಳ್ಳಿಕೊಂಡು ಬರುತ್ತದೆ. ಬೇರೆಡೆ ರೈಲಿಗೆ ಸೈಕಲ್ ಏರಿಸುವುದಿದ್ದರೂ ಜುಲೈ, ಆಗಸ್ಟ್ ಬಿಟ್ಟು ಉಳಿದ ತಿಂಗಳುಗಳ ವಾರದ ದಿನಗಳಲ್ಲಿ ಬೆಳಿಗ್ಗೆ 6:30ರಿಂದ 9, ಸಂಜೆ 4ರಿಂದ 6:30ರ ನೂಕುನುಗ್ಗಲಿನಲ್ಲಿ ಬಿಡುವುದಿಲ್ಲ, ಸೈಕಲ್ಲಿಗೆ ಬೇರೆ ಟಿಕೆಟ್ಟೂ ಬೇಕು.

ಮೊದಲ ಸಲ ಬಂದವರಿಗೆ ಹಾರ್ಲೆಮ್‌ನಿಂದ ಹಾರ್ಲೆಮ್‌ಗೆ 20–22 ಕಿ.ಮೀ. ಸುತ್ತು ಹಿತವಾದದ್ದು. ನಿಲ್ದಾಣದಿಂದ ಪಶ್ಚಿಮಕ್ಕೆ ಓವರ್‌ವೇನ್, ಅಲ್ಲಿಂದ ಝೇವೆಖ್, ಅಂದರೆ ಕಡಲ ರಸ್ತೆ. ಸೈಕಲ್ ಹಾದಿ ಬೇರೆಯೇ ಇದೆ, ಎರಡೂ ಕಡೆ ರಾಷ್ಟ್ರೀಯ ಉದ್ಯಾನದ ಮರಳುದಿಬ್ಬ. ಎರಡನೇ ಮಹಾಯುದ್ಧದಲ್ಲಿ ಜರ್ಮನರನ್ನು ಎದುರಿಸಿದ 372 ಜನರ ಗೌರವ ಸಮಾಧಿ ದಾರಿಯ ಹತ್ತಿರವೇ ಇದೆ; ಹನ್ನಿ ಸ್ಖಾಫ್ಟ್ ಎಂಬ ತರುಣಿಯ ಸಮಾಧಿಯೂ ಅಲ್ಲಿದೆ. ಕೆಳಗಿಳಿದರೆ ಬ್ಲೂಮೆಂಡಾಲ್ ಕಡಲತೀರ, ಎಡಕ್ಕೆ ತಿರುಗಿ ದಂಡೆಯ ಮೇಲಿನ ರಸ್ತೆ ಹಿಡಿದರೆ ಮೂರು ಕಿ.ಮೀ.ಗೆ ಝಾಂಡ್‌ಫೋರ್ಟ್. ಫಾರ್ಮುಲಾ 1 ಕಾರುಗಳು ಓಡಿದ ಟ್ರ್ಯಾಕು ಈ ದಾರಿಯ ಎಡಕ್ಕೇ ಇದೆ. ದೊಡ್ಡ ರೇಸಿರುವ ವಾರಾಂತ್ಯಕ್ಕೆ ಮಾತ್ರ ಹೋಗಬೇಡಿ, ಬಾಡಿಗೆಗೆ ಒಂದು ಸೈಕಲ್ಲೂ ಸಿಗದು.

ಉದ್ಯಾನದೊಳಗೆ ಕ್ರಾನ್ಸ್‌ವ್ಲಾಕ್ ಎಂಬ ಬೇಲಿ ಹಾಕಿದ ಭಾಗದಲ್ಲಿ 2007ರಲ್ಲಿ ಯುರೋಪಿನ ಕಾಡೆಮ್ಮೆಗಳನ್ನು (ಬೈಸನ್) ಬಿಟ್ಟರು. ಬೇರೆ ಕಡೆ ಉದ್ದ ಕೂದಲಿನ ದನ, ಕುದುರೆ ಹಾದಿಯಲ್ಲೇ ನಿಂತಿರುತ್ತವೆ. ಬೆಲ್ ಹೊಡೆಯಬೇಡಿ, ಇಳಿದು ದೂರದಿಂದ ತಳ್ಳಿಕೊಂಡು ದಾಟಿ. ದನ ದಾಟದಂತೆ ಹಾದಿಗೆ ಅಡ್ಡ ಕಬ್ಬಿಣದ ಸರಳಿನ ಜಾಲರಿ ಹಾಕಿರುತ್ತಾರೆ. ಅದರ ಮೇಲೆ ಬ್ರೇಕೂ ಬೇಡ, ಹ್ಯಾಂಡಲ್ ತಿರುಗಿಸುವುದೂ ಬೇಡ, ನೇರ ಹೋಗಿ. ಮಳೆ ಬಿದ್ದಿದ್ದರೆ ಪಾಚಿಯಂತೆ ಜಾರುತ್ತದೆ. ಗಾಳಿಗೆ ಹಾದಿಯ ಮೇಲೆ ಹಬ್ಬಿದ ಮರಳಿಗೂ ಇದೇ ಕ್ರಮ, ತುಳಿಯುವುದು ನಿಲ್ಲಿಸಿದರೆ ಮುಂದಿನ ಗಾಲಿ ಹೂತು ಅಡ್ಡ ಬೀಳುತ್ತೀರಿ. ಝಾಂಡ್‌ಫೋರ್ಟ್‌ನ ದಕ್ಷಿಣಕ್ಕೆ ಆಮ್‌ಸ್ಟರ್‌ಡ್ಯಾಮ್‌ಗೆ ಕುಡಿಯುವ ನೀರು ಕೊಡುವ ದಿಬ್ಬಪ್ರದೇಶ ಇದೆ, ಜಿಂಕೆಗಳು ಬೇಕಾದಷ್ಟು. ಅದರೊಳಗೆ ಸೈಕಲ್ ಬಿಡುವುದಿಲ್ಲ, ಗೇಟಿನಲ್ಲಿ ನಿಲ್ಲಿಸಿ ನಡೆಯಬೇಕು.

ದಾರಿ ಹುಡುಕಲು ಮೊಬೈಲ್ ಕೈಯಲ್ಲಿ ಹಿಡಿದು ಸೈಕಲ್ ಹೊಡೆಯುವಂತಿಲ್ಲ, 2019ರ ಜುಲೈ 1ರಿಂದ ಅದಕ್ಕೆ ದಂಡ. ಅದರ ಅಗತ್ಯವೂ ಇಲ್ಲ. ಸೈಕಲ್ ಹಾದಿಗಳು ಕೂಡುವಲ್ಲೆಲ್ಲ ಹಸಿರು ಅಂಕಿಯ ಫಲಕ ಇರುತ್ತದೆ. ಹೊರಡುವ ಮುನ್ನ ನಕ್ಷೆ ನೋಡಿ ಅಂಕಿಗಳನ್ನು ಸಾಲಾಗಿ ಚೀಟಿಯಲ್ಲಿ ಬರೆದು ಹ್ಯಾಂಡಲ್ಲಿಗೆ ಅಂಟಿಸಿದರೆ ಆಯಿತು. ರಸ್ತೆಯ ಮೇಲೆ ಬಿಳಿ ತ್ರಿಕೋನಗಳ ಸಾಲು ಬರೆದಿರುತ್ತಾರೆ, ಹಲ್ಲಿನ ಹಾಗೆ. ಮೊನೆ ನಿಮ್ಮ ಕಡೆಗಿದ್ದರೆ ನಿಂತು ದಾರಿ ಕೊಡಬೇಕಾದವರು ನೀವು. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬಂದವರಿಗೆ ಮೊದಲ ಹಕ್ಕು. ಡಬಲ್ ಸೀಟ್ ಇಲ್ಲಿ ತಪ್ಪಲ್ಲ, ಎಂಟು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಅವರದೇ ಸೀಟು ಬೇಕು. ಆದರೆ ಬಾಡಿಗೆ ಸೈಕಲ್ಲಿನ ಕ್ಯಾರಿಯರ್ ಸಾಮಾನಿಗಾಗಿ ಮಾಡಿದ್ದು, ಎಷ್ಟು ಕಿಲೋ ತಡೆಯುತ್ತದೆಂದು ಅದರ ಮೇಲೇ ಬರೆದಿರುತ್ತದೆ. ಓದಿ ಕೂರಿಸಿ.

ಬೀಗ ಎರಡು. ಹಿಂದಿನ ಗಾಲಿಯ ಗುಂಡು ಬೀಗ ನಮ್ಮೂರಿನ ಸೈಕಲ್ಲಿನದೇ ಥರ. ಅದೊಂದನ್ನೇ ಹಾಕಿದರೆ ಗಾಲಿ ತಿರುಗದು, ಸೈಕಲ್ಲನ್ನು ಎತ್ತಿಕೊಂಡು ಹೋಗುವವರಿಗೆ ಅಡ್ಡಿಯೇನಿಲ್ಲ. ಜೊತೆಗೆ ಕೊಡುವ ಸರಪಳಿಯನ್ನು ಚೌಕಟ್ಟು, ಮುಂದಿನ ಗಾಲಿ ಎರಡರಲ್ಲೂ ತೂರಿಸಿ ನೆಲಕ್ಕೆ ಹೂತ ಕಂಬಿಗೆ ಕಟ್ಟಿ. ದಂಡೆಯ ಗಾಳಿಗೆ ಸ್ಟ್ಯಾಂಡ್ ಹಾಕಿದ ಸೈಕಲ್ ಉರುಳುತ್ತದೆ, ಕಟ್ಟಿದ್ದು ಉರುಳದು. ಕಳ್ಳತನದ ವಿಮೆ ತೆಗೆದುಕೊಂಡಿದ್ದರೂ ಕೀಲಿ ತೋರಿಸಿದರಷ್ಟೇ ಅದು ಸಾಮಾನ್ಯವಾಗಿ ನಡೆಯುತ್ತದೆ. ಕೀಲಿ ಬೀಗದಲ್ಲೇ ಬಿಟ್ಟು ಐಸ್‌ಕ್ರೀಮಿಗೆ ಹೋಗಬೇಡಿ. ಸೈಕಲ್ಲಿನ ನಂಬರು, ನಿಲ್ಲಿಸಿದ ಜಾಗದ ಫೋಟೊ ತೆಗೆದಿಡಿ. ನೂರಾರು ಸೈಕಲ್ಲುಗಳಲ್ಲಿ ಒಂದೇ ಬಣ್ಣದ್ದು ಐವತ್ತಿರುತ್ತವೆ. ಬುತ್ತಿ ಬಿಚ್ಚುವಾಗ ಕಡಲಕಾಗೆಯ ಮೇಲೆ ಕಣ್ಣಿರಲಿ, ಕಡಕ್ ರೊಟ್ಟಿಯನ್ನು ಕೈಯಿಂದಲೇ ಕಿತ್ತುಕೊಂಡು ಹೋಗುತ್ತದೆ. ಶೇಂಗಾ ಹಿಂಡಿಗೆ ಗಾಳಿಯೇ ಶತ್ರು.

ಹವಾ ಇಳಿದರೆ ಗಾಬರಿ ಬೇಡ. ಇಲ್ಲಿಯ ಸಾದಾ ಸೈಕಲ್ಲಿನ ವಾಲ್ ನಮ್ಮ ಸೈಕಲ್ಲಿನ ವಾಲಿನ ಜಾತಿಯದೇ, ಒಳಗೆ ರಬ್ಬರ್ ನಳಿಗೆಯ ಬದಲು ಚಿಕ್ಕ ಗುಂಡು ಇರುತ್ತದೆ ಅಷ್ಟೆ. ಎಷ್ಟೋ ಸಲ ಪಂಚರ್ ಆಗಿರುವುದಿಲ್ಲ, ವಾಲಿನ ಮೇಲಿನ ನಟ್ಟು ಸಡಿಲಾಗಿರುತ್ತದೆ. ಬೆರಳಲ್ಲಿ ಬಿಗಿ ಮಾಡಿ ಹವಾ ಹಾಕಿ. ದಿಬ್ಬದ ಕೆಲವು ಹಾದಿಗಳಿಗೆ ಕಪ್ಪೆಚಿಪ್ಪಿನ ಪುಡಿ ಹಾಸಿರುತ್ತಾರೆ, ಒಡೆದ ಚಿಪ್ಪು ಚುಚ್ಚಿದರೆ ಮಾತ್ರ ಖರೇನೇ ಪಂಚರ್. ಹಿಂದಿನ ಗಾಲಿಯಾದರೆ ಚೈನಿನ ಡಬ್ಬಿ, ಬ್ರೇಕು ಎಲ್ಲ ಬಿಚ್ಚಬೇಕಾದೀತೆಂದು ಇಲ್ಲಿಯ ಮೇಸ್ತ್ರಿ ಗಾಲಿ ಬಿಚ್ಚುವುದೇ ಇಲ್ಲ. ಟೈರಿನ ಒಂದು ಬದಿ ಎಬ್ಬಿಸಿ, ಟ್ಯೂಬ್ ಹೊರಗೆಳೆದು, ನೀರಿನಲ್ಲಿ ಅದ್ದಿ ಗುಳ್ಳೆ ನೋಡಿ ತೇಪೆ ಹಾಕುತ್ತಾರೆ, ಥೇಟ್ ಕಲಬುರಗಿಯ ಸೂಪರ್ ಮಾರ್ಕೆಟ್ ಬದಿಯ ಪಂಚರ್ ಅಂಗಡಿಯಂತೆ. ಪಂಚರಿನ ಖರ್ಚು ಯಾರದು, ದೂರದಲ್ಲಿ ನಿಂತುಬಿಟ್ಟರೆ ಬಂದು ಒಯ್ಯುತ್ತಾರಾ ಎಂದು ಬಾಡಿಗೆ ಚೀಟಿಗೆ ಸಹಿ ಹಾಕುವ ಮುನ್ನವೇ ಕೇಳಿ. ಚಪ್ಪಟೆ ಗಾಲಿಯ ಮೇಲೆ ಹೊಡೆದುಕೊಂಡು ಬಂದು ರಿಮ್ಮು ಸೊಟ್ಟಗಾದರೆ ಅದರ ದುಡ್ಡು ನಿಮ್ಮದೇ.

ಇಳಿತದ ಹೊತ್ತಿಗೆ ಒದ್ದೆ ಮರಳು ಸಿಮೆಂಟಿನಂತೆ ಗಟ್ಟಿಯಾಗಿರುತ್ತದೆ, ಸೈಕಲ್ ಇಳಿಸುವ ಆಸೆ ಯಾರಿಗಾದರೂ ಬರುತ್ತದೆ. ಬಾಡಿಗೆಯವರು ಬೇಡ ಅನ್ನುವುದು ಉಪ್ಪುನೀರಿಗೆ ಚೈನು, ಬೇರಿಂಗು ತುಕ್ಕು ಹಿಡಿಯುತ್ತವೆಂದು. ಜೂನ್‌ನಲ್ಲಿ ರಾತ್ರಿ ಹತ್ತರವರೆಗೆ ಬೆಳಕಿರುವುದರಿಂದ ಹೊತ್ತಿನ ಅಂದಾಜು ತಪ್ಪಿ ಅಂಗಡಿ ಮುಚ್ಚಿದ ಮೇಲೆ ಬಂದು ನಿಲ್ಲುವವರೇ ಹೆಚ್ಚು. ಮುಚ್ಚುವ ಸಮಯವನ್ನು ಮೊದಲೇ ಕೇಳಿ ಅರ್ಧ ತಾಸು ಮುಂಚೆ ತಲುಪಿ. ಮರಳು ಒರೆಸಿ, ಎರಡೂ ಬದಿಯ ಫೋಟೊ ತೆಗೆದು, ಎರಡೂ ಕೀಲಿ ಕೊಟ್ಟು, ಮರಳಿಸಿದ್ದಕ್ಕೆ ಚೀಟಿ ಪಡೆಯಿರಿ. ಕಾರ್ಡಿನಲ್ಲಿ ತಡೆಹಿಡಿದ ಠೇವಣಿ ಬಿಡುಗಡೆಯಾಗಲು ಕೆಲವು ದಿನ ಹಿಡಿಯಬಹುದು, ಅಲ್ಲಿತನಕ ಆ ಚೀಟಿ ಕಳೆಯಬೇಡಿ.