ಮಿಠಾಯಿ ತೆರುವಿನಲ್ಲಿ ಒಂದು ಮಧ್ಯಾಹ್ನ

ಕಲ್ಲಿಕೋಟೆಯಲ್ಲಿ ನಮ್ಮ ತರಬೇತಿ ಅವತ್ತು ಮಧ್ಯಾಹ್ನಕ್ಕೇ ಮುಗಿಯಿತು. ರೈಲು ಇದ್ದದ್ದು ರಾತ್ರಿಗೆ. ಜೊತೆಗಿದ್ದ ಮೇಷ್ಟ್ರುಗಳೆಲ್ಲ ಬೀಚಿಗೆ ಹೊರಟರು. ನಾನು ಊರ ನಡುವಿನ ಮಾನಾಂಚಿರ ಕೆರೆಯ ಕಡೆ ನಡೆದೆ. ಮಲಯಾಳದ ಕಾದಂಬರಿಕಾರ ಎಸ್.ಕೆ. ಪೊಟ್ಟೆಕ್ಕಾಟರು ಬರೆದ ಬೀದಿಯನ್ನು ಅವಸರವಿಲ್ಲದೆ ನೋಡಬೇಕು ಅನ್ನೋದು ನನ್ನ ಬಹಳ ದಿನದ ಆಸೆ.

ಕಾಸರಗೋಡಿನ ಕನ್ನಡಿಗರಾದ ನಮಗೆ ಮಲಯಾಳ ಮೊದಲು ಕಿವಿಗೆ ಬೀಳುತ್ತದೆ, ಓದು ಆಮೇಲೆ. ಅಂಗಡಿ, ಬಸ್ಸು, ಆಸ್ಪತ್ರೆಗಳಲ್ಲಿ ಆಡಿ ಕಲಿತ ಭಾಷೆಯಲ್ಲಿ ಕಾದಂಬರಿ ಓದುವ ಧೈರ್ಯ ನನಗೆ ಬಂದದ್ದು ಕೆಲಸಕ್ಕೆ ಸೇರಿದ ಮೇಲೆಯೇ. ಮಲಯಾಳದ ಟೀಚರ್ ಒಬ್ಬರು ಸ್ಟಾಫ್ ರೂಮಿನಲ್ಲಿ, "ಮಾಷೇ, ಇದನ್ನು ಓದಿ. ನಿಮಗೇನೂ ಕಷ್ಟ ಆಗಲ್ಲ" ಅಂತ ಪೊಟ್ಟೆಕ್ಕಾಟರ 'ಒರು ತೆರುವಿಂಡೆ ಕಥಾ' ಕೊಟ್ಟರು. ಒಂದು ಬೀದಿಯ ಕಥೆ. 1960ರಲ್ಲಿ ಬಂದ ಪುಸ್ತಕ. ಇಂಥವನೇ ನಾಯಕ ಅಂತ ಅದರಲ್ಲಿ ಯಾರೂ ಇಲ್ಲ. ಬೀದಿಯಲ್ಲೇ ದುಡಿದು, ಬೀದಿಯಲ್ಲೇ ಜಗಳ ಆಡಿ, ಎಷ್ಟೋ ಮಂದಿ ಬೀದಿಯಲ್ಲೇ ಮಲಗುವ ಜನ ಒಬ್ಬರ ಹಿಂದೆ ಒಬ್ಬರು ಬರುತ್ತಾರೆ. ಅವರಲ್ಲಿ ಪೇಪರ್ ಮಾರುವ ಕುರುಪ್ಪು ನನ್ನ ತಲೆಯಲ್ಲಿ ಕೂತೇಬಿಟ್ಟ. ಸುದ್ದಿಯನ್ನು ಕೂಗಿ ಕೂಗಿ ಪೇಪರ್ ಮಾರುವ ಬಡಪಾಯಿ. ಇವತ್ತಿಗೂ ಯಾರಾದರೂ ಬಸ್ ಸ್ಟ್ಯಾಂಡಿನಲ್ಲಿ ಪೇಪರ್ ಕೂಗಿದರೆ ನನಗೆ ಅವನೇ ನೆನಪಾಗುತ್ತಾನೆ.

ಆ ಬೀದಿಯೇ ಮಿಠಾಯಿ ತೆರುವು. ಎಲ್ಲರ ಬಾಯಲ್ಲೂ ಎಸ್.ಎಂ. ಸ್ಟ್ರೀಟ್. 2017ರ ಕೊನೆಗೆ ಅದನ್ನು ಹೊಸದು ಮಾಡಿ, ವಾಹನಗಳ ಓಡಾಟ ನಿಲ್ಲಿಸಿ, ನಡೆಯುವವರಿಗೆ ಬಿಟ್ಟುಕೊಟ್ಟಿದ್ದಾರೆ. ಮಾನಾಂಚಿರದ ಕಡೆಯಿಂದ ಒಳಗೆ ಹೋಗುವಲ್ಲೇ ಪೊಟ್ಟೆಕ್ಕಾಟರ ಪ್ರತಿಮೆ ಇದೆ. ಪಕ್ಕದಲ್ಲಿ ಕಾಲೇಜು ಹುಡುಗಿಯರು ಸೆಲ್ಫಿ ತೆಗೀತಾ ಇದ್ದರು. ಒಂದು ಮಗು ಐಸ್ ಕ್ರೀಮ್ ಹಿಡಿದು ಪ್ರತಿಮೆಯ ಕಾಲ ಬಳಿಯೇ ಕೂತಿತ್ತು. ಲೇಖಕನೊಬ್ಬನನ್ನು ಅವನು ಬರೆದ ಬೀದಿಯ ಬಾಗಿಲಲ್ಲೇ ನಿಲ್ಲಿಸಿದ್ದು ನನಗೆ ತುಂಬ ಇಷ್ಟವಾಯಿತು.

ಎರಡೂ ಕಡೆ ಬಟ್ಟೆ ಅಂಗಡಿ, ಚಪ್ಪಲಿ ಅಂಗಡಿ, ನಡುನಡುವೆ ಹಲ್ವಾ. ಒಂದು ಅಂಗಡಿಯ ಮುಂದೆ ನಿಂತೆ. ಕೆಂಪು, ಹಸಿರು, ಹಳದಿ, ಬೆಲ್ಲ ಹಾಕಿದ ಕಪ್ಪು, ಎಲ್ಲ ಇಟ್ಟಿಗೆಗಳ ಹಾಗೆ ಪೇರಿಸಿಟ್ಟಿದ್ದರು. ಅಂಗಡಿಯ ಇಕ್ಕ, ಅಂದರೆ ಅಲ್ಲಿನ ಮುಸ್ಲಿಂ ಅಣ್ಣ, ಉದ್ದ ಕತ್ತಿಗೆ ಎಣ್ಣೆ ಸವರಿ, ಕಪ್ಪು ಹಲ್ವಾದ ಮೂಲೆಯಿಂದ ತೆಳ್ಳಗೆ ಒಂದು ಚೂರು ಕೊಯ್ದು, ಕತ್ತಿಯ ತುದಿಯಲ್ಲೇ ನನ್ನ ಮುಂದೆ ಹಿಡಿದರು. ಬೆಳಕಿಗೆ ಹಿಡಿದಾಗ ಅದು ಕಪ್ಪಲ್ಲ, ಕಡುಕೆಂಪು. ಮಧ್ಯದಲ್ಲೊಂದು ಗೋಡಂಬಿ. ಬಾಯಿಗಿಟ್ಟರೆ ಮೊದಲು ತೆಂಗಿನೆಣ್ಣೆಯ ಪರಿಮಳ, ಆಮೇಲೆ ಬೆಲ್ಲದ ರುಚಿ. ಅರ್ಧ ಕಿಲೋ ಕಟ್ಟಿಸಿಕೊಂಡೆ.

ಮುಂದೆ ಒಂದು ಬಟ್ಟೆ ಅಂಗಡಿಯ ಪಕ್ಕ ಹೊರೆ ಹೊರುವ ಹಿರಿಯರೊಬ್ಬರು ಕೂತಿದ್ದರು. ನೀಲಿ ಅಂಗಿ, ಹೆಗಲ ಮೇಲೆ ತೋರ್ತು ಟವಲು. ಮೆಟ್ಟಿಲ ಮೇಲೆ ಜಾಗ ಕೊಟ್ಟರು. ಪೊಟ್ಟೆಕ್ಕಾಟರ ಪುಸ್ತಕ ಓದಿದ್ದೀರಾ ಏಟ್ಟಾ (ಅಣ್ಣಾ), ಅಂತ ಕೇಳಿದೆ. "ಓದದೆ ಇರ್ತೇವಾ ಮಾಷೇ? ವಾಯನಶಾಲೆಯಲ್ಲಿ, ಊರ ಲೈಬ್ರರಿಯಲ್ಲಿ ಓದಿದ್ದು, ಮದುವೆಗಿಂತ ಮೊದಲು" ಅಂದರು. ಆಮೇಲೆ ಎದುರಿನ ಅಂಗಡಿಗಳ ಕಡೆ ಕೈ ತೋರಿಸಿ, "ಅದು ಒಳಗೆ ಕೂತವರ ಕಥೆ ಅಲ್ಲ. ಹೊರಗೆ ನಿಂತವರದ್ದು" ಅಂದರು. ಇಡೀ ಕಾದಂಬರಿಯ ಬಗ್ಗೆ ನಾನು ಇದಕ್ಕಿಂತ ಒಳ್ಳೆಯ ಮಾತು ಕೇಳಿಲ್ಲ.

ಪೊಟ್ಟೆಕ್ಕಾಟರ ಬದುಕೂ ಹೊರಗೇ ಕಳೆದದ್ದು ಜಾಸ್ತಿ. ಹುಟ್ಟಿದ್ದು ಇದೇ ಊರಲ್ಲಿ, 1913ರಲ್ಲಿ. ಅಪ್ಪ ಇಂಗ್ಲಿಷ್ ಮೇಷ್ಟ್ರು. ಮಗನೂ ಇಲ್ಲಿನ ಗುಜರಾತಿ ಶಾಲೆಯಲ್ಲಿ ಪಾಠ ಮಾಡಿದರು. 1939ರಲ್ಲಿ ತ್ರಿಪುರಿ ಕಾಂಗ್ರೆಸ್ ಅಧಿವೇಶನ ನೋಡಬೇಕು ಅಂತ ಆ ಕೆಲಸ ಬಿಟ್ಟರು. ನಾನೂ ಮೇಷ್ಟ್ರಾದ್ದರಿಂದ ಈ ಜಾಗದಲ್ಲಿ ಸ್ವಲ್ಪ ನಿಂತು ಯೋಚಿಸುತ್ತೇನೆ. ತಿಂಗಳ ಸಂಬಳ ಬಿಟ್ಟು ಹೋಗೋದು ಅಂದರೆ ಸುಮ್ನೆ ಅಲ್ಲ. ಅಲ್ಲಿಂದ ಮುಂಬಯಿಗೆ ಹೋಗಿ ಸಣ್ಣಪುಟ್ಟ ಕೆಲಸ ಮಾಡಿದರು. 1949ರಲ್ಲಿ ಹಡಗು ಹತ್ತಿದರು. ಆಫ್ರಿಕಾ, ಯುರೋಪು, ಮುಂದೆ ಬಾಲಿ ದ್ವೀಪ. ಮಲಯಾಳದಲ್ಲಿ ಪ್ರವಾಸ ಕಥನ ಅಂದ ಕೂಡಲೇ ಇವತ್ತಿಗೂ ಮೊದಲು ಬರುವುದು ಅವರ ಹೆಸರು. 1962ರಲ್ಲಿ ತಲಶ್ಶೇರಿಯಿಂದ ಲೋಕಸಭೆಗೂ ಗೆದ್ದರು. ಎದುರು ನಿಂತು ಸೋತವರು ಸುಕುಮಾರ್ ಅಳೀಕ್ಕೋಡ್, ಅವರೂ ದೊಡ್ಡ ಸಾಹಿತಿ. ಸಾಹಿತಿಗಳಿಬ್ಬರು ಎದುರುಬದುರು ನಿಂತ ಚುನಾವಣೆಯ ವಿಷಯ ಕೇಳಿದರೇ ಖುಷಿಯಾಗುತ್ತದೆ.

ಇಷ್ಟೆಲ್ಲ ದೇಶ ತಿರುಗಿದವರು ದೊಡ್ಡ ಕಾದಂಬರಿ ಬರೆಯಲು ಕೂತಾಗ ಹಿಡಿದದ್ದು ಮನೆಯಿಂದ ನಡೆದು ಹೋಗುವಷ್ಟು ದೂರದ ಬೀದಿಯನ್ನು. ಆಮೇಲೆ ಸ್ವಂತ ಬಾಲ್ಯದ ಊರನ್ನು. ಹೊರಗಿನ ಊರುಗಳಲ್ಲಿ ಗುರುತಿಲ್ಲದವರ ಮುಖ ನೋಡಿ ನೋಡಿ ಕಣ್ಣಿಗೆ ಬಂದ ಅಭ್ಯಾಸವೇ ಅವರನ್ನು ಮನೆ ಹತ್ತಿರದ ಕುರುಪ್ಪುವಿನ ಮುಂದೆ ನಿಲ್ಲಿಸಿತು ಅಂತ ನಾನು ನಂಬಿದ್ದೇನೆ. ಬೀದಿಯವರ ಬಗ್ಗೆ ಬರೆಯುವಾಗ ಅಯ್ಯೋ ಪಾಪ ಅನ್ನುವ ದನಿ ಅವರದ್ದಲ್ಲ. ಪಕ್ಕದಲ್ಲಿ ನಿಂತು ಬೀಡಿ ಹಚ್ಚಿಕೊಂಡು ಮಾತಾಡುವ ದನಿ.

ಬಾಲ್ಯದ ಊರಿನ ಕಾದಂಬರಿ 'ಒರು ದೇಶತ್ತಿಂಡೆ ಕಥಾ', ಒಂದು ಊರಿನ ಕಥೆ. 1971ರದ್ದು. ಅದರಲ್ಲಿ ಊರಿನ ಹೆಸರು ಅದಿರಾಣಿಪ್ಪಾಡಂ. ಎಷ್ಟೋ ವರ್ಷಗಳ ನಂತರ ಕಥಾನಾಯಕ ಶ್ರೀಧರನ್ ಆ ಊರಿಗೆ ವಾಪಸ್ ಬರುತ್ತಾನೆ. ಗುರುತು ಸಿಗದ ಹಾಗೆ ಎಲ್ಲ ಬದಲಾಗಿದೆ. ಕೊನೆಗೆ ಹೊಸ ತಲೆಮಾರಿನ ಹುಡುಗನೊಬ್ಬನ ಮುಂದೆ, ನಿನ್ನ ಜಾಗಕ್ಕೆ ನುಗ್ಗಿದ್ದಕ್ಕೆ ಕ್ಷಮಿಸು, ಹಳೆಯ ವಸ್ತು ಹುಡುಕುತ್ತಾ ಬಂದ ಪರದೇಶಿ ನಾನು, ಅನ್ನುವ ಅರ್ಥದ ಮಾತಾಡುತ್ತಾನೆ. ಮಲಯಾಳಿಗಳಿಗೆ ಆ ಮಾತು ಬಾಯಿಪಾಠ. ಬೇಕಿದ್ದರೆ ಹೊರೆ ಹೊರುವ ಏಟ್ಟನ ಬಳಿ ಕೇಳಿ. ನಾನು ಶುರು ಮಾಡಿದ್ದಷ್ಟೇ, ಪೂರ್ತಿ ಮಾಡಿದ್ದು ಅವರು. ಈ ಕಾದಂಬರಿಗೆ 1980ರ ಜ್ಞಾನಪೀಠ ಬಂತು. ನಮ್ಮ ಕಾರಂತರಿಗೆ ಅದು ಬಂದು ಆಗ ಮೂರೇ ವರ್ಷ ಆಗಿತ್ತು. ಪೊಟ್ಟೆಕ್ಕಾಟರು ಆಮೇಲೆ ಹೆಚ್ಚು ಕಾಲ ಇರಲಿಲ್ಲ, 1982ರ ಆಗಸ್ಟಿನಲ್ಲಿ ತೀರಿಕೊಂಡರು.

ರೈಲಿಗೆ ಇನ್ನೂ ಹೊತ್ತಿತ್ತು. ಪುಸ್ತಕದಂಗಡಿಗೆ ಹೋಗಿ ಪೊಟ್ಟೆಕ್ಕಾಟರ ಇನ್ನೊಂದು ಕಾದಂಬರಿ 'ವಿಷಕನ್ಯಕ' ಕೊಂಡೆ. ನನಗಲ್ಲ, ನಮ್ಮ ಪಕ್ಕದ ತೋಟದ ಅಪ್ಪಚ್ಚನ್‌ಗೆ. ಅವರು ಸಣ್ಣವರಿದ್ದಾಗ ತಿರುವಾಂಕೂರಿನ ಪಾಲಾ ಎಂಬ ಊರ ಕಡೆಯಿಂದ ಅಪ್ಪ ಅಮ್ಮನ ಜೊತೆ ನಮ್ಮ ಗುಡ್ಡಕ್ಕೆ ಬಂದವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಅಕ್ಕಿಗೆ ಬರ. ಇಲ್ಲಿ ಕಾಡು ಕಡಿಮೆ ಬೆಲೆಗೆ ಸಿಗುತ್ತಿತ್ತು. ಇದ್ದದ್ದನ್ನು ಮಾರಿ ಕುಟುಂಬ ಕುಟುಂಬವೇ ಮಲಬಾರಿಗೆ ಬಂತು. ನಮ್ಮ ಸುಳ್ಯ, ಬೆಳ್ತಂಗಡಿ ಕಡೆಗೂ ಬಂದರು. ಕಾಡು ಕಡಿದು ಮರಗೆಣಸು ಹಾಕಿದರು. ಹಂದಿ ಬಂತು, ಮಲೇರಿಯಾ ಬಂತು. ಪೊಟ್ಟೆಕ್ಕಾಟರು ಈ ಕಾದಂಬರಿ ಬರೆದದ್ದು 1948ರಲ್ಲಿ, ಜನ ಇನ್ನೂ ಬರುತ್ತಿದ್ದ ಹೊತ್ತಿನಲ್ಲೇ. ಕಣ್ಣೆದುರು ನಡೀತಾ ಇರುವುದನ್ನು ಅಷ್ಟು ಬೇಗ, ಅಷ್ಟು ಸರಿಯಾಗಿ ಹಿಡಿಯುವುದು ಸುಲಭ ಅಲ್ಲ. ಕೈ ಹಿಡಿದು ಕರೆದು ಪ್ರಾಣ ತೆಗೆಯುವ ಆ ಮಣ್ಣೇ ಅವರಿಗೆ ವಿಷಕನ್ಯೆ.

ಅಪ್ಪಚ್ಚನ್‌ಗೆ ಈಗ ಕಣ್ಣು ಮಂಜು. ಮೊಮ್ಮಗ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಿದ. ಬೆಳೆಯನ್ನು ಹಂದಿ ಹಾಳು ಮಾಡುವ ಕಡೆ ಅಪ್ಪಚ್ಚನ್ ಅವನನ್ನು ನಿಲ್ಲಿಸಿದರು. ರಾತ್ರಿಯಿಡೀ ತಗಡು ಬಡಿದದ್ದು, ಬೆಂಕಿ ಹಾಕಿದ್ದು, ನಿದ್ದೆಗೆಟ್ಟ ಅಮ್ಮ ಬೆಳಿಗ್ಗೆ ಕಂಜಿ ಬೇಯಿಸುತ್ತಾ ಒಲೆ ಮುಂದೆಯೇ ತೂಕಡಿಸಿದ್ದು, ಎಲ್ಲ ಹೇಳಿದರು. ಜ್ವರದ ಭಾಗ ಬಂದಾಗ ಅರ್ಧಕ್ಕೆ ಎದ್ದು ಒಳಗೆ ಹೋದರು. ಅವರ ತಮ್ಮ ಹಾಗೆಯೇ ತೀರಿಕೊಂಡದ್ದು, ನಮಗೆಲ್ಲ ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ಬಂದು ಕೂತು, "ಬರೆದವನು ನಮ್ಮ ಪಾಲಾ ಕಡೆಯವನಾ?" ಅಂತ ಕೇಳಿದರು.

"ಅಲ್ಲ ಅಪ್ಪಚ್ಚಾ, ಕಲ್ಲಿಕೋಟೆಯವರು."

"ಹಾಗಾದರೆ ಬಂದು ನೋಡಿದ್ದಾನೆ. ಕೇಳಿ ಬರೆದದ್ದಲ್ಲ ಇದು. ನೀನು ಓದು ಮಗಾ."

ಈಗ ಪುಸ್ತಕ ಅರ್ಧ ಆಗಿದೆ. ಮೊಮ್ಮಗನಿಗೆ ಪರೀಕ್ಷೆ ಶುರುವಾಗಿದೆ. ಹಾಗಾಗಿ ಸಂಜೆ ಶಾಲೆ ಬಿಟ್ಟ ಮೇಲೆ ಓದುವ ಸರದಿ ನನ್ನದು. ನನ್ನ ಉಚ್ಚಾರ ತಪ್ಪಿದಲ್ಲೆಲ್ಲ ಅಪ್ಪಚ್ಚನ್ ತಿದ್ದುತ್ತಾರೆ.