ಹನಿ ಬೀಳುವುದೊಂದು ಕಡೆ, ಸೋರುವುದೊಂದು ಕಡೆ

ಭಾನುವಾರ, 15 ಜೂನ್ 2025

ಬಚ್ಚಲುಮನೆಯ ವಾಶ್ ಬೇಸಿನ್ ಕೆಳಗೆ ನೆಲ ಯಾಕೆ ಸದಾ ಒದ್ದೆ ಎಂಬುದಕ್ಕೆ ಇವತ್ತು ಕಾರಣ ಸಿಕ್ಕಿತು. ಹನಿ ಬೀಳುತ್ತಿದ್ದದ್ದು ಬಾಟಲ್ ಟ್ರ್ಯಾಪಿನ (ಬೇಸಿನ್ ಅಡಿಯ ಪೈಪಿನಲ್ಲಿ ಸ್ವಲ್ಪ ನೀರು ಹಿಡಿದಿಡುವ ಬಾಟಲಿಯಂಥ ಭಾಗ) ತಳದಿಂದ. ಸೋರುತ್ತಿದ್ದದ್ದು ಮಾತ್ರ ಮೇಲೆಲ್ಲೋ. ನೀರು ಪೈಪಿನ ಮೈಗುಂಟ ಇಳಿದು ಎಲ್ಲಕ್ಕಿಂತ ತಗ್ಗಿನ ಜಾಗದಲ್ಲಿ ಹನಿಗಟ್ಟುತ್ತದೆ. ಹನಿ ಕಂಡಲ್ಲೇ ಬಿಗಿಯುತ್ತ ಹೋದರೆ ಪ್ಲಾಸ್ಟಿಕ್ ನಟ್ ಸೀಳುತ್ತದೆ, ಸೋರಿಕೆ ಹಾಗೇ ಉಳಿಯುತ್ತದೆ.

ಹಾಗಾಗಿ ಮೊದಲು ಎಲ್ಲವನ್ನೂ ಒಣಬಟ್ಟೆಯಲ್ಲಿ ಒರೆಸಿದೆ. ಬಿರಡೆ ಹಾಕಿ ಬೇಸಿನ್ ಅರ್ಧ ತುಂಬಿಸಿ, ಒಂದೊಂದು ಜೋಡಣೆಗೂ ಟಿಶ್ಯೂ ಕಾಗದ ಒತ್ತಿ ನೋಡಿದೆ. ನೀರು ಹರಿಯುವಾಗ ಮಾತ್ರ ಒದ್ದೆಯಾದರೆ ಹೆಚ್ಚಾಗಿ ಟ್ರ್ಯಾಪಿನ ವಾಷರ್ ಹೋಗಿರುತ್ತದೆ. ಇಲ್ಲಿ ನಿಂತ ನೀರಿಗೇ ಕಾಗದ ನೆನೆಯಿತು, ಅದೂ ಕಪ್ಲಿಂಗಿನ (ಬೇಸಿನ್ ತಳದ ತೂತಿನಲ್ಲಿ ಕೂತು ನೀರನ್ನು ಕೆಳಗಿಳಿಸುವ ಕೊಳವೆ) ನಟ್ಟಿನ ಅಂಚಿನಲ್ಲಿ.

ಬೇಸಿನ್ನಿನ ಮೇಲಂಚಿನ ಹತ್ತಿರ ಒಂದು ತೂತು ಇರುತ್ತದಲ್ಲ, ನೀರು ತುಂಬಿ ಚೆಲ್ಲದಿರಲೆಂದು? ಅದರೊಳಗೆ ಹೋದ ನೀರು ಪಿಂಗಾಣಿಯ ಟೊಳ್ಳಿನಲ್ಲಿ ಇಳಿದು, ಕಪ್ಲಿಂಗಿನ ಪಕ್ಕದ ಸೀಳುಗಳಿಂದ ಒಳಸೇರುತ್ತದೆ. ಅಂದಮೇಲೆ ಕಪ್ಲಿಂಗಿಗೂ ಪಿಂಗಾಣಿಗೂ ನಡುವೆ ನೀರು ಬಂದೇ ಬರುತ್ತದೆ. ಬೇಸಿನ್ ಅರ್ಧವೇ ತುಂಬಿದ್ದರೂ ಕಪ್ಲಿಂಗಿನ ಮೇಲ್ತುದಿಯ ಬಿಲ್ಲೆಯ ಅಡಿಯಿಂದ ಅಲ್ಲಿಗೆ ಜಿನುಗಬಹುದು. ಅದನ್ನು ತಡೆದು ನಿಲ್ಲಿಸುವುದು ಕೆಳಗಿನ ರಬ್ಬರ್ ವಾಷರ್. ಅದು ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಜೊತೆಗೆ ಥ್ರೆಡ್ಡಿನ ಜಾಡು ಹಿಡಿದು ಸುತ್ತಿಕೊಂಡು ಇಳಿಯುವ ನೀರೂ ಇದೆ. ಅದಕ್ಕೇ ರಬ್ಬರ್ ಕೂರುವ ಜಾಗದಲ್ಲಿ ಟೆಫ್ಲಾನ್ ಟೇಪ್ ಸುತ್ತಿ, ಹೊಸ ವಾಷರ್ ಏರಿಸಿದೆ. ಮೇಲಿನ ಬಿಲ್ಲೆಯ ಅಡಿಗೆ ಹಳೆಯ ಅಂಟನ್ನೆಲ್ಲ ಕೆರೆದು ತೆಗೆದು, ಒಣಗಿಸಿ, ತೆಳುವಾಗಿ ಸಿಲಿಕಾನ್ ಹಚ್ಚಿದೆ.

ಟ್ರ್ಯಾಪ್ ಕಳಚಿದ ಕೂಡಲೇ ಗೋಡೆಯ ಪೈಪಿನ ಬಾಯಿಗೆ ಬಟ್ಟೆ ತುರುಕಿಬಿಡಬೇಕು. ಚರಂಡಿಯ ಗಾಳಿಯನ್ನು ತಡೆಯುತ್ತಿದ್ದದ್ದು ಟ್ರ್ಯಾಪಿನಲ್ಲಿ ನಿಂತ ಆ ಚೂರು ನೀರೇ. ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕ 1775ರಲ್ಲಿ ಪಾಯಿಖಾನೆಯ ಪೈಪಿಗೆ ಹೀಗೇ ನೀರು ನಿಲ್ಲುವಂತೆ ಬಾಗು ಕೊಟ್ಟು ಪೇಟೆಂಟ್ ಪಡೆದ. ಇಷ್ಟು ಸರಳವಾದ ಉಪಾಯ ಇವತ್ತಿಗೂ ಮನೆ ಮನೆಯಲ್ಲಿ ಕೆಲಸ ಮಾಡುತ್ತಿದೆ, ನನಗೆ ಅದರ ಮೇಲೆ ನಿಜಕ್ಕೂ ಗೌರವ.

ಟ್ರ್ಯಾಪ್ ಮರಳಿ ಜೋಡಿಸುವಾಗ ಟೇಪ್ ಬೇಡ. ಅಲ್ಲಿ ನೀರು ಹಿಡಿಯುವುದು ವಾಷರ್, ಥ್ರೆಡ್ ಅಲ್ಲ. ವಾಷರಿನ ಇಳಿಜಾರು ಬದಿ ಜೋಡಣೆಯ ಬಾಯಿಯತ್ತ ಇರಬೇಕು, ಚಪ್ಪಟೆ ಬದಿ ನಟ್ಟಿನತ್ತ. ಕೈಯಲ್ಲಿ ಬಿಗಿದು, ಆಮೇಲೆ ಕಾಲು ಸುತ್ತು ಸಾಕು.

ಸಿಲಿಕಾನ್ ಒಣಗಲಿ ಅಂತ ಇವತ್ತು ನಲ್ಲಿ ಮುಟ್ಟುತ್ತಿಲ್ಲ. ನಾಳೆ ಸಂಜೆ ಆ ಮೇಲಿನ ತೂತಿನವರೆಗೂ ನೀರು ಏರಿಸಿ ಪರೀಕ್ಷಿಸಬೇಕು.