"ಕಿವಿ ಕಟ್ಕೊಂಡಿದೆ ಮೇಡಂ"

ಆಡಿಯಾಲಜಿಸ್ಟ್ ಆಗಿ, ಅಂದರೆ ಕಿವಿ ಎಷ್ಟು ಕೇಳುತ್ತೆ ಅಂತ ಪರೀಕ್ಷೆ ಮಾಡುವವಳಾಗಿ, ಹದಿಮೂರು ವರ್ಷವಾಯ್ತು. "ಕಿವಿ ಕಟ್ಕೊಂಡಿದೆ ಮೇಡಂ" ಅನ್ನೋ ಮಾತು ಕೇಳದ ದಿನವಿಲ್ಲ. ಬಹುಪಾಲು ಗುಗ್ಗೆ, ಇಲ್ಲವೇ ನೆಗಡಿ. ಹಾಗಾಗಿ ಆ ಮಾತಿಗೆ ನಮ್ಮ ಕಿವಿಯೇ ಜಡ್ಡುಗಟ್ಟಿತ್ತು.

ಐವತ್ತು ದಾಟಿದ ಬಟ್ಟೆ ಅಂಗಡಿಯವರೊಬ್ಬರು. ಬೆಳಿಗ್ಗೆ ಎದ್ದಾಗ ಎಡಗಿವಿ ಮಂದ, ಒಳಗೆ ಕುಂಯ್ ಅನ್ನೋ ಸದ್ದು. ಫೋನ್ ಮಾಡಿದ್ದಕ್ಕೆ ನಮ್ಮ ಕ್ಲಿನಿಕ್ ಕೌಂಟರಿನಲ್ಲಿ "ಗುಗ್ಗೆ ಇರಬೇಕು, ಡ್ರಾಪ್ಸ್ ಹಾಕಿ, ಮುಂದಿನ ವಾರ ಬನ್ನಿ" ಅಂದಿದ್ದಾರೆ. ಹಾಗೆ ಹೇಳೋದನ್ನ ಅವರು ಕಲಿತದ್ದು ನಮ್ಮನ್ನು ನೋಡಿಯೇ. ನನ್ನ ಮುಂದೆ ಬಂದು ಕೂತಾಗ ಒಂಬತ್ತು ದಿನ ಕಳೆದಿತ್ತು.

ಕಿವಿಯೊಳಗೆ ನೋಡಿದರೆ ಗುಗ್ಗೆಯ ಚೂರೂ ಇಲ್ಲ. ತಟ್ಟಿದರೆ ಗುಂಯ್‌ಗುಡುವ ಕವಲು ಕಡ್ಡಿ, 512 ಹರ್ಟ್ಸ್ ಟ್ಯೂನಿಂಗ್ ಫೋರ್ಕನ್ನು ಮೊಣಕೈಗೆ ತಟ್ಟಿ ಹಣೆಯ ನಡುವೆ ಇಟ್ಟೆ. "ಸದ್ದು ಯಾವ ಕಡೆ ಕೇಳುತ್ತೆ ಯಜಮಾನ್ರೇ?" ಬಲಗಡೆ ಕೈ ತೋರಿಸಿದರು. ಎದೆ ಧಸಕ್ಕೆಂದಿತು. ಗುಗ್ಗೆಯಾಗಿದ್ದರೆ ಕಟ್ಟಿದ ಕಿವಿಯಲ್ಲೇ ಜೋರಾಗಿ ಕೇಳಬೇಕು. ಒಳಕಿವಿಗೋ ನರಕ್ಕೋ ಪೆಟ್ಟಾದರೆ ಸದ್ದು ಒಳ್ಳೆಯ ಕಿವಿಯ ಕಡೆ ಸರಿಯುತ್ತೆ. ಎಷ್ಟು ಸಣ್ಣ ಸದ್ದು ಕೇಳುತ್ತೆ ಅಂತ ಅಳೆಯುವ ಆಡಿಯೋಗ್ರಾಂ ಮಾಡಿದೆ, ಎಡಗಿವಿ 65 ಡೆಸಿಬೆಲ್‌ನಲ್ಲಿತ್ತು, ಅಂದರೆ ಅಷ್ಟು ಜೋರಾದರೆ ಮಾತ್ರ ಕೇಳುತ್ತಿತ್ತು. ಮೂರು ದಿನದೊಳಗೆ, ಅಕ್ಕಪಕ್ಕದ ಮೂರು ಫ್ರೀಕ್ವೆನ್ಸಿಗಳಲ್ಲಿ (ದನಿಯ ಮಟ್ಟಗಳಲ್ಲಿ) ಕೇಳುವ ಶಕ್ತಿ 30 ಡೆಸಿಬೆಲ್ ಇಳಿದರೇ ಅದನ್ನ ಸಡನ್ ಹಿಯರಿಂಗ್ ಲಾಸ್, ಅಂದರೆ ದಿಢೀರ್ ಕಿವುಡು, ಅಂತೀವಿ.

ಡಾಕ್ಟರ್ ಅವತ್ತೇ ಸ್ಟೀರಾಯ್ಡ್ ಮಾತ್ರೆ ಶುರು ಮಾಡಿದರು. ಮೊದಲ ಎರಡು ವಾರದೊಳಗೆ ಶುರುವಾದರೇ ಅದರಿಂದ ಹೆಚ್ಚು ಪ್ರಯೋಜನ. ಶುಗರ್ ಬೇರೆ ಇತ್ತು, ಸ್ಟೀರಾಯ್ಡಿಗೆ ಅದು ಏರಬಹುದಾದ್ದರಿಂದ ದಿನಾ ಚೆಕ್ ಮಾಡಬೇಕಾಯ್ತು. ನರದ ಮೇಲೆ ಗಡ್ಡೆ ಇದೆಯೇನೋ ಅಂತ ಎಂಆರ್‌ಐ ಮಾಡಿಸಿದರು, ಏನೂ ಇರಲಿಲ್ಲ. ಹೆಚ್ಚಿನವರಲ್ಲಿ ಕಾರಣವೇ ಸಿಗಲ್ಲ. ಮಾತ್ರೆಯಿಂದ ಸ್ವಲ್ಪವೇ ಸುಧಾರಿಸಿದ್ದರಿಂದ ಕಿವಿಯ ತಮಟೆಯ ಮೂಲಕ ಮಧ್ಯಕಿವಿಗೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು.

ದಪ್ಪ ದನಿಗಳು ವಾಪಸ್ ಬಂದವು, ಸಣ್ಣ ದನಿಗಳು ಬರಲಿಲ್ಲ. ಫೋನನ್ನು ಈಗಲೂ ಬಲಗಿವಿಗೇ ಹಿಡಿಯುತ್ತಾರೆ. ಅಂಗಡಿಯಲ್ಲಿ ಯಾರಾದರೂ ಕರೆದರೆ ಯಾವ ಕಡೆಯಿಂದ ಅಂತ ತಿಳಿಯದೆ ಸುತ್ತ ನೋಡುತ್ತಾರಂತೆ.

"ಮೊದಲ ದಿನವೇ ಬಂದಿದ್ದರೆ ಪೂರ್ತಿ ಬರ್ತಿತ್ತಾ?" ಅಂತ ಒಮ್ಮೆ ಕೇಳಿದರು. ಮದ್ದಿಲ್ಲದೇ ಸರಿಹೋದವರಿದ್ದಾರೆ, ಮೊದಲ ದಿನವೇ ಮದ್ದು ತಗೊಂಡೂ ಸರಿಹೋಗದವರಿದ್ದಾರೆ. ಅದನ್ನೇ ಹೇಳಿದೆ. ಆದರೆ ಆ ಒಂಬತ್ತು ದಿನ ಕಳೆದದ್ದು ನಮ್ಮ ಕಡೆಯಿಂದ ಅನ್ನೋದನ್ನೂ ಹೇಳಿದೆ.

ಈಗ ಕೌಂಟರಿನಲ್ಲಿ ಕೇಳಲೇಬೇಕಾದ ಪ್ರಶ್ನೆಗಳಿವೆ: ಒಮ್ಮೆಲೇ ಆಯ್ತಾ? ಒಂದೇ ಕಿವಿನಾ? ತಲೆ ಸುತ್ತುತ್ತಾ? ಬಾಯಿ ಮುಚ್ಚಿ ಹ್ಞೂಂ ಅಂದರೆ ಯಾವ ಕಿವೀಲಿ ಜೋರು? ಒಳ್ಳೆ ಕಿವೀಲಿ ಅಂದರೆ ಅವತ್ತೇ ಕರೆಸಬೇಕು. ಒಮ್ಮೆಲೇ ಆಗಿದ್ದರೆ ಹ್ಞೂಂಕಾರ ಏನೇ ಹೇಳಲಿ, ಕಾಯಿಸೋ ಹಾಗಿಲ್ಲ.

ಮೊನ್ನೆ ಕೌಂಟರಿನ ಹುಡುಗಿ ಫೋನಿನಲ್ಲಿ ಯಾರಿಗೋ ಉದ್ದಕ್ಕೆ ಹ್ಞೂಂ ಅಂದು ತೋರಿಸುತ್ತಿದ್ದಳು. ಬೆಂಚಿನ ಮೇಲಿದ್ದವರೆಲ್ಲ ಅವಳನ್ನೇ ನೋಡುತ್ತಿದ್ದರು. ಸಂಜೆ ಐದಕ್ಕೆ ಆ ಪೇಷಂಟ್ ಬಂದು ನನ್ನೆದುರು ಕೂತಿದ್ದರು.